ಬಸುರಿಯನ್ನು ಯಾರೂ ಕೇಳದ ಪ್ರಶ್ನೆ

ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ ತಾಲ್ಲೂಕುಗಳ ಸಾರ್ವಜನಿಕ ಬದುಕಿನಲ್ಲಿ ಮದ್ಯದ ಪ್ರಸ್ತಾಪ ಬಂದಾಗಲೆಲ್ಲ ಅದು ಗಂಡಸಿನ ಚಟವಾಗಿ, ಮುರಿದ ಸಂಸಾರವಾಗಿ, ಕೈಬಿಟ್ಟು ಹೋದ ಜಮೀನಾಗಿ ಬರುತ್ತದೆಯೇ ಹೊರತು, ಹುಟ್ಟುವ ಮೊದಲೇ ಮೆದುಳಿಗೆ ಪೆಟ್ಟು ತಿಂದ ಮಗುವಿನ ವಿಷಯವಾಗಿ ಬರುವುದಿಲ್ಲ. ಬಸುರಿ ಹೆಂಗಸು ಮದ್ಯ ಸೇವಿಸಿದರೆ ಗರ್ಭದಲ್ಲಿರುವ ಶಿಶುವಿಗೆ ಏನಾಗುತ್ತದೆ ಎಂಬ ಮಾತನ್ನು ಯಾರಾದರೂ ಎತ್ತಿದರೆ, ಅದು ಪರದೇಶದವರ ತೊಂದರೆ, ಹೆಚ್ಚೆಂದರೆ ಬೆಂಗಳೂರಿನ ಪಬ್ಬುಗಳಿಗೆ ಹೋಗುವವರ ತೊಂದರೆ, ನಮ್ಮ ಕಡೆಯ ಹೆಣ್ಣುಮಕ್ಕಳು ಕುಡಿಯುವುದಿಲ್ಲ ಎಂಬ ಉತ್ತರ ತಯಾರಾಗಿಯೇ ಇರುತ್ತದೆ. ಓದಿದವರೂ ಓದದವರೂ, ಊರಿನ ಹಿರಿಯರೂ ಕಚೇರಿಯ ಅಧಿಕಾರಿಗಳೂ ಒಂದೇ ದನಿಯಲ್ಲಿ ಹೇಳುವ ಈ ಉತ್ತರ ಹೆಣ್ಣಿನ ಮರ್ಯಾದೆಯನ್ನು ಕಾಪಾಡುವಂತೆ ಕೇಳಿಸುತ್ತದೆ. ಆದರೆ ಅದು ಕಾಪಾಡುವುದು ಮನೆತನದ ಮರ್ಯಾದೆಯನ್ನು ಮಾತ್ರ. ಬಸುರಿಯನ್ನು ಕೇಳಬೇಕಾದ ಒಂದು ಪ್ರಶ್ನೆಯನ್ನು ಅದು ಬಾಯಲ್ಲೇ ನಿಲ್ಲಿಸುತ್ತದೆ, ಮತ್ತು ಆ ಪ್ರಶ್ನೆ ನಿಂತುಹೋದಲ್ಲಿ ತಾಯಿಗೆ ಎಚ್ಚರಿಕೆ ಸಿಗುವುದಿಲ್ಲ, ಮಗುವಿಗೆ ರಕ್ಷಣೆ ಸಿಗುವುದಿಲ್ಲ.

ನಮ್ಮ ಹೆಂಗಸರು ಕುಡಿಯುವುದಿಲ್ಲ ಎಂಬ ವಾದಕ್ಕೆ ಅಂಕಿಸಂಖ್ಯೆಗಳ ಬೆಂಬಲವಿದೆಯೆಂದು ಮೇಲುನೋಟಕ್ಕೆ ತೋರುವುದು ನಿಜ. 2019–21ರಲ್ಲಿ ನಡೆದ ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ, ಕರ್ನಾಟಕದ 15 ವರ್ಷ ದಾಟಿದ ಹೆಂಗಸರ ಪೈಕಿ ಮದ್ಯ ಸೇವಿಸುವುದಾಗಿ ಹೇಳಿದವರು ನೂರಕ್ಕೆ ಒಬ್ಬರಷ್ಟೂ ಇಲ್ಲ. ಗಂಡಸರಲ್ಲಿ ಆ ಪ್ರಮಾಣ ಶೇಕಡಾ 16ನ್ನು ದಾಟುತ್ತದೆ. ಆದರೆ ಇಲ್ಲಿ ಎಣಿಕೆಯಾಗಿರುವುದು ಕುಡಿಯುವವರಲ್ಲ, ಕುಡಿಯುತ್ತೇವೆಂದು ಒಪ್ಪಿಕೊಂಡವರು. ಮನೆ ಬಾಗಿಲಿಗೆ ಬಂದ ಅಪರಿಚಿತರ ಮುಂದೆ, ಅತ್ತೆ ಒಳಗಿನಿಂದ ಕೇಳಿಸಿಕೊಳ್ಳುತ್ತಿರುವಾಗ, ಹೂಂ ಎಂದರೆ ಊರೆಲ್ಲ ಹೆಸರು ಕೆಡುವ ಒಂದು ಪ್ರಶ್ನೆಗೆ ಸೊಸೆಯಾದವಳು ಏನು ಉತ್ತರ ಕೊಟ್ಟಾಳೆಂಬುದನ್ನು ಊಹಿಸಲು ಸಮಾಜಶಾಸ್ತ್ರದ ಅಗತ್ಯವಿಲ್ಲ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯ ವೈದ್ಯ ವಿವೇಕ್ ಬೆನೆಗಲ್ ಮತ್ತು ಅವರ ಸಂಗಡಿಗರು ಮದ್ಯಪಾನದ ಬಗ್ಗೆಯೇ ಪ್ರತ್ಯೇಕವಾಗಿ ರೂಪಿಸಿದ, ಕುಡಿಯುವ ಬಗೆಯನ್ನು ಬಿಡಿಸಿ ಬಿಡಿಸಿ ಕೇಳಿದ ಅಧ್ಯಯನವೊಂದನ್ನು ಕರ್ನಾಟಕದ ಜಿಲ್ಲೆಗಳಲ್ಲಿ ನಡೆಸಿದಾಗ, ಹಿಂದಿನ ಹನ್ನೆರಡು ತಿಂಗಳಲ್ಲಿ ಮದ್ಯ ಸೇವಿಸಿದ್ದಾಗಿ ತಿಳಿಸಿದ ಹೆಂಗಸರು ನೂರಕ್ಕೆ ಸುಮಾರು ಆರು ಮಂದಿ ಇದ್ದರು. 2005ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಹೊರತಂದ ಗ್ರಂಥದಲ್ಲಿ ಆ ಫಲಿತಾಂಶ ಸೇರಿದೆ. ಎರಡು ಸಮೀಕ್ಷೆಗಳ ನಡುವೆ ರಾಜ್ಯದ ಹೆಂಗಸರು ಕುಡಿಯುವುದನ್ನು ಬಿಟ್ಟರು ಎನ್ನುವುದಕ್ಕಿಂತ, ಕೇಳುವ ಬಗೆ ಬದಲಾದಾಗ ಉತ್ತರವೂ ಬದಲಾಯಿತು ಎನ್ನುವುದೇ ಹೆಚ್ಚು ನಂಬಲು ಯೋಗ್ಯವಾದ ವಿವರಣೆ.

ಇಷ್ಟಕ್ಕೂ ‘ನಮ್ಮ ಹೆಂಗಸರು’ ಎಂದು ಹೇಳುವವರು ಆ ಲೆಕ್ಕದಲ್ಲಿ ಯಾರನ್ನು ಸೇರಿಸುತ್ತಾರೆ, ಯಾರನ್ನು ಬಿಡುತ್ತಾರೆ ಎಂಬುದನ್ನು ಗಮನಿಸಬೇಕು. ಅರಕಲಗೂಡಿನ ಹೊಗೆಸೊಪ್ಪಿನ ಹೊಲಗಳಲ್ಲಿ ಎಲೆ ಮುರಿಯುವ, ಹಾಸನದ ಆಲೂಗಡ್ಡೆ ಮತ್ತು ಶುಂಠಿಯ ಹೊಲಗಳಲ್ಲಿ ದಿನಗೂಲಿಗೆ ದುಡಿಯುವ, ಪಶ್ಚಿಮದ ಕಾಫಿ ತೋಟಗಳಿಗೆ ಕುಟುಂಬ ಸಮೇತ ಗುಳೆ ಬರುವ ಹೆಂಗಸರಲ್ಲಿ ದಿನದ ಕೊನೆಗೆ ಮೈಕೈ ನೋವಿಗೆಂದು ಒಂದಿಷ್ಟು ಕುಡಿಯುವವರು ಇದ್ದಾರೆಂಬುದನ್ನು ಊರಿನವರೆಲ್ಲ ಬಲ್ಲರು. ಬಲ್ಲರಾದರೂ ‘ನಮ್ಮವರು’ ಎನ್ನುವಾಗ ಅವರನ್ನು ಹೊರಗಿಡುತ್ತಾರೆ. ಇನ್ನೊಂದು ತುದಿಯಲ್ಲಿ, ಮದುವೆಯ ಹಿಂದಿನ ದಿನದ ಪಾರ್ಟಿಗಳಲ್ಲಿ, ರೆಸಾರ್ಟುಗಳಲ್ಲಿ, ನಗರದಿಂದ ರಜೆಗೆ ಬಂದ ನೆಂಟರ ಜೊತೆಯಲ್ಲಿ ವೈನನ್ನೋ ಬಿಯರನ್ನೋ ಸೇವಿಸುವ ಅನುಕೂಲಸ್ಥ ಮನೆಗಳ ಯುವತಿಯರಿದ್ದಾರೆ, ಮತ್ತು ಅವರ ಕುಡಿತಕ್ಕೆ ಕುಡಿತವೆಂಬ ಹೆಸರೇ ಇಲ್ಲ. ಹೀಗೆ ಕೂಲಿಯವಳ ಕುಡಿತವನ್ನು ಬೇರೆಯವರದೆಂದು ತಳ್ಳಿ, ಸ್ಥಿತಿವಂತಳ ಕುಡಿತವನ್ನು ಕುಡಿತವೇ ಅಲ್ಲವೆಂದು ಬದಿಗಿಟ್ಟ ಮೇಲೆ ಉಳಿಯುವ ಲೆಕ್ಕ ಸೊನ್ನೆಯಾಗುವುದರಲ್ಲಿ ಆಶ್ಚರ್ಯವಿಲ್ಲ.

ಗರ್ಭದೊಳಗೆ ಮದ್ಯ ಮಾಡುವ ಕೆಲಸವನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕು, ಏಕೆಂದರೆ ಮಾಸು ಒಂದು ತಡೆಗೋಡೆ, ತಾಯಿ ತಿಂದದ್ದರಲ್ಲಿ ಕೆಟ್ಟದ್ದನ್ನು ಅದು ಸೋಸಿ ಒಳ್ಳೆಯದನ್ನು ಮಾತ್ರ ಮಗುವಿಗೆ ಕೊಡುತ್ತದೆ ಎಂಬ ನಂಬಿಕೆ ಬಹಳ ಜನರಲ್ಲಿದೆ. ಮದ್ಯದಲ್ಲಿ ಮತ್ತು ತರಿಸುವ ವಸ್ತುವಾದ ಎಥನಾಲ್ ಎಂಬುದು ನೀರಿನಲ್ಲಿ ಸುಲಭವಾಗಿ ಬೆರೆಯುವ ಅತಿ ಸಣ್ಣ ಅಣು. ಅದನ್ನು ಮಾಸು ತಡೆಯಲಾರದು. ತಾಯಿ ಕುಡಿದ ಒಂದು ಗಂಟೆಯೊಳಗಾಗಿ ಮಗುವಿನ ರಕ್ತದಲ್ಲಿ ಎಥನಾಲಿನ ಪ್ರಮಾಣ ತಾಯಿಯ ರಕ್ತದಲ್ಲಿರುವಷ್ಟಕ್ಕೆ ಹತ್ತಿರ ಬರುತ್ತದೆ. ತಾಯಿಯ ಪಿತ್ತಜನಕಾಂಗ, ಅಂದರೆ ಲಿವರ್, ತನ್ನಲ್ಲಿರುವ ಕಿಣ್ವಗಳಿಂದ ಅದನ್ನು ಮೊದಲು ಅಸಿಟಾಲ್ಡಿಹೈಡ್ ಎಂಬ ಇನ್ನೊಂದು ವಿಷವಾಗಿಯೂ ಬಳಿಕ ನಿರಪಾಯ ವಸ್ತುವಾಗಿಯೂ ಒಡೆಯಬಲ್ಲುದು. ಮಗುವಿನ ಲಿವರಿನಲ್ಲಿ ಆ ಕಿಣ್ವಗಳು ಇನ್ನೂ ಅತ್ಯಲ್ಪ. ಮಗು ತೇಲುವ ಗರ್ಭದ ನೀರಿನಲ್ಲಿಯೂ ಎಥನಾಲ್ ಸೇರಿ ನಿಲ್ಲುತ್ತದೆ, ಮಗು ಆ ನೀರನ್ನು ನುಂಗುತ್ತಲೂ ಇರುತ್ತದೆ. ಆದ್ದರಿಂದ ತಾಯಿಯ ಮತ್ತು ಇಳಿದ ಮೇಲೂ ಮಗು ಆ ವಿಷದ ನಡುವೆಯೇ ಇರುತ್ತದೆ.

ಹಾನಿ ಎಲ್ಲಿ ಆಗುತ್ತದೆ ಎಂಬುದು ಬಸುರಿನ ಕಾಲವನ್ನು ಅವಲಂಬಿಸಿದೆ. ಗರ್ಭ ಕಟ್ಟಿದ ಮೂರನೆಯ ವಾರದಿಂದ ಎಂಟನೆಯ ವಾರದವರೆಗೆ ಮುಖ, ಹೃದಯ, ಮೆದುಳಿನ ಮೂಲರಚನೆ ರೂಪುಗೊಳ್ಳುತ್ತವೆ. ಈ ಹಂತದಲ್ಲಿ ಎಥನಾಲ್ ಮುಖದ ಎಲುಬು ಮತ್ತು ಮಾಂಸಕ್ಕೆ ಮೂಲವಾಗುವ ನರಶಿಖೆ ಕೋಶಗಳನ್ನು ಕೊಲ್ಲುತ್ತದೆ. ಮಿದುಳುಬಳ್ಳಿಯ ಮೂಲವಾದ ನರನಾಳ ಗರ್ಭ ಕಟ್ಟಿದ ನಾಲ್ಕು ವಾರದೊಳಗೆ ಮುಚ್ಚಿಕೊಳ್ಳುತ್ತದೆ, ಅಂದರೆ ಮುಟ್ಟು ನಿಂತಿದೆಯೆಂದು ಹೆಂಗಸಿಗೆ ಅನುಮಾನ ಹುಟ್ಟಿ, ಆಶಾ ಕಾರ್ಯಕರ್ತೆಯ ಬಳಿ ಪರೀಕ್ಷೆ ಮಾಡಿಸಿ, ಸರ್ಕಾರ ಬಸುರಿಗೆ ಕೊಡುವ ತಾಯಿ ಕಾರ್ಡ್ ಕೈಗೆ ಬರುವ ಹೊತ್ತಿಗೆ ಆ ಘಟ್ಟ ಮುಗಿದೇ ಹೋಗಿರುತ್ತದೆ. ಆದರೆ ಮೆದುಳು ಮಾತ್ರ ಒಂಬತ್ತು ತಿಂಗಳೂ ಬೆಳೆಯುತ್ತಲೇ ಇರುತ್ತದೆ, ನರಕೋಶಗಳು ತಮ್ಮ ಜಾಗಕ್ಕೆ ಸರಿಯುತ್ತವೆ, ಒಂದಕ್ಕೊಂದು ಸಂಪರ್ಕ ಕಟ್ಟಿಕೊಳ್ಳುತ್ತವೆ; ಹೀಗಾಗಿ ಮೊದಲ ಮೂರು ತಿಂಗಳು ದಾಟಿತು, ಇನ್ನು ಭಯವಿಲ್ಲ ಎಂಬ ಮಾತಿಗೆ ಆಧಾರವಿಲ್ಲ. ಗರ್ಭಪಾತ, ದಿನ ತುಂಬುವ ಮುನ್ನವೇ ಹೆರಿಗೆ, ತೂಕ ಕಡಿಮೆಯಾದ ಶಿಶು, ಹೊಟ್ಟೆಯಲ್ಲೇ ಮಗು ತೀರಿಹೋಗುವುದು, ಈ ಎಲ್ಲದರ ಸಂಭವವನ್ನೂ ಮದ್ಯ ಹೆಚ್ಚಿಸುತ್ತದೆ.

1968ರಲ್ಲಿ ಫ್ರಾನ್ಸಿನ ನಾಂತ್ ನಗರದ ಮಕ್ಕಳ ವೈದ್ಯ ಪಾಲ್ ಲೆಮ್ವಾನ್ ಕುಡಿತಕ್ಕೆ ಬಿದ್ದ ತಂದೆತಾಯಿಗಳ 127 ಮಕ್ಕಳಲ್ಲಿ ಒಂದೇ ಬಗೆಯ ಮುಖಚಹರೆ, ಕುಂಠಿತ ಬೆಳವಣಿಗೆ ಮತ್ತು ಬುದ್ಧಿಯ ಕೊರತೆಯನ್ನು ಗುರುತಿಸಿ ಬರೆದರು. ಫ್ರೆಂಚಿನಲ್ಲಿದ್ದ ಆ ಬರಹವನ್ನು ಹೊರಗಿನ ವೈದ್ಯಲೋಕ ಹೆಚ್ಚಾಗಿ ಗಮನಿಸಲಿಲ್ಲ. 1973ರಲ್ಲಿ ಅಮೆರಿಕದ ಸಿಯಾಟಲ್ ನಗರದ ಕೆನೆತ್ ಲಯನ್ಸ್ ಜೋನ್ಸ್ ಮತ್ತು ಡೇವಿಡ್ ಸ್ಮಿತ್ ಎಂಬ ವೈದ್ಯರು ಬೇರೆ ಬೇರೆ ಜನಾಂಗಗಳಿಗೆ ಸೇರಿದ ಎಂಟು ಮಕ್ಕಳಲ್ಲಿ ಅದನ್ನೇ ಕಂಡು ‘ದಿ ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಪ್ರಕಟಿಸಿದರು, ಮತ್ತು ಆ ಲಕ್ಷಣಗಳ ಕೂಟಕ್ಕೆ ಫೀಟಲ್ ಆಲ್ಕೊಹಾಲ್ ಸಿಂಡ್ರೋಮ್ ಎಂಬ ಹೆಸರು ನಿಂತಿತು. ಕಣ್ಣಿನ ಸೀಳು ಚಿಕ್ಕದಾಗಿರುವುದು, ಮೂಗಿನ ಕೆಳಗಿನಿಂದ ಮೇಲ್ದುಟಿಯವರೆಗೆ ಇರಬೇಕಾದ ತೋಡು ಮಟ್ಟಸವಾಗಿರುವುದು, ಮೇಲ್ದುಟಿ ತೆಳುವಾಗಿರುವುದು, ಇವು ಅದರ ಮುಖದ ಗುರುತುಗಳು. ಈ ಗುರುತುಗಳಿಲ್ಲದೆ ಮೆದುಳಿಗೆ ಮಾತ್ರ ಹಾನಿಯಾದ ಮಕ್ಕಳ ಸಂಖ್ಯೆ ಇದಕ್ಕಿಂತ ಎಷ್ಟೋ ಹೆಚ್ಚು ಎಂಬುದು ನಂತರದ ದಶಕಗಳಲ್ಲಿ ತಿಳಿದುಬಂದದ್ದರಿಂದ, ಇಡೀ ಶ್ರೇಣಿಯನ್ನು ಸೂಚಿಸಲು ಈಗ ಫೀಟಲ್ ಆಲ್ಕೊಹಾಲ್ ಸ್ಪೆಕ್ಟ್ರಮ್ ಡಿಸಾರ್ಡರ್ ಎಂಬ ವಿಶಾಲವಾದ ಹೆಸರನ್ನು ಬಳಸುತ್ತಾರೆ. 2017ರಲ್ಲಿ ಪ್ರಕಟವಾದ ಜಾಗತಿಕ ಅಂದಾಜಿನ ಪ್ರಕಾರ, ಬಸುರಿಯಿದ್ದಾಗ ಮದ್ಯ ಸೇವಿಸಿದ ಪ್ರತಿ 13 ಹೆಂಗಸರಲ್ಲಿ ಒಬ್ಬರ ಮಗು ಈ ಶ್ರೇಣಿಯ ಯಾವುದಾದರೊಂದು ತೊಂದರೆಯೊಂದಿಗೆ ಹುಟ್ಟುತ್ತದೆ.

ಇದು ಪಶ್ಚಿಮದವರು ಹುಟ್ಟಿಸಿದ ಭಯ ಎನ್ನುವವರು ಚರಕ ಸಂಹಿತೆಯನ್ನು ತೆರೆಯಬೇಕು. ಅದರ ಶಾರೀರಸ್ಥಾನದ ಎಂಟನೆಯ ಅಧ್ಯಾಯದಲ್ಲಿ ಗರ್ಭಿಣಿಯ ಯಾವ ಯಾವ ನಡವಳಿಕೆ ಮಗುವಿಗೆ ಯಾವ ಯಾವ ದೋಷ ತರುತ್ತದೆಂದು ಹೇಳುವಾಗ, ಸದಾ ಮದ್ಯ ಸೇವಿಸುವ ಗರ್ಭಿಣಿಯ ಮಗು ಬಾಯಾರಿಕೆಯುಳ್ಳದ್ದೂ ನೆನಪಿನ ಶಕ್ತಿ ಕುಂದಿದ್ದೂ ಮನಸ್ಸು ನಿಲ್ಲದ್ದೂ ಆಗುತ್ತದೆ ಎಂಬ ಅಭಿಪ್ರಾಯವಿದೆ. ಆ ಪಟ್ಟಿಯಲ್ಲಿ ಇಂದಿನ ವಿಜ್ಞಾನ ಒಪ್ಪದ ಸಂಗತಿಗಳೂ ಇವೆ, ಹೀಗಾಗಿ ಅದನ್ನು ಪುರಾವೆಯಾಗಿ ಮಂಡಿಸುವಂತಿಲ್ಲ. ಆದರೂ ಕುಂದಿದ ನೆನಪು ಮತ್ತು ನಿಲ್ಲದ ಗಮನ ಎಂಬ ಎರಡು ಲಕ್ಷಣಗಳು ಇಂದಿನ ಮಕ್ಕಳ ವೈದ್ಯರು ಬರೆಯುವ ವಿವರಣೆಗೆ ಅಷ್ಟು ಹತ್ತಿರವಾಗಿರುವುದು, ಈ ನೆಲದಲ್ಲಿ ಹೆಂಗಸರು ಕುಡಿಯುತ್ತಿದ್ದರೆಂಬುದನ್ನೂ ಆ ಕುಡಿತದ ಫಲವನ್ನು ವೈದ್ಯರು ಗಮನಿಸುತ್ತಿದ್ದರೆಂಬುದನ್ನೂ ತೋರಿಸುತ್ತದೆ. ನಮ್ಮ ಸಂಸ್ಕೃತಿಯಲ್ಲಿ ಇದು ಇರಲೇ ಇಲ್ಲ ಎಂಬ ಹೆಮ್ಮೆಗೆ ಆ ಸಂಸ್ಕೃತಿಯ ಗ್ರಂಥವೇ ಸಾಕ್ಷಿ ಹೇಳುವುದಿಲ್ಲ.

ಮೊದಲ ವಾದ ಕುಸಿದಾಗ ಅದರ ಬೆನ್ನಿಗೆ ಎರಡನೆಯದು ಬರುತ್ತದೆ: ಕುಡಿದರೂ ಎಷ್ಟು ಕುಡಿಯುತ್ತಾರೆ, ಒಂದು ಪೆಗ್ಗು, ಅರ್ಧ ಬಾಟಲಿ ಬಿಯರು, ಅಷ್ಟಕ್ಕೆಲ್ಲ ಏನೂ ಆಗುವುದಿಲ್ಲ. ಇದಕ್ಕೆ ಉತ್ತರಿಸಲು ಮೊದಲು ಅಳತೆಯನ್ನು ನೋಡಬೇಕು. ಭಾರತದಲ್ಲಿ ಮಾರಾಟವಾಗುವ ಬ್ರಾಂದಿ, ವಿಸ್ಕಿ, ರಮ್ಮುಗಳಲ್ಲಿ ಸಾಮಾನ್ಯವಾಗಿ ಶೇಕಡಾ 42.8ರಷ್ಟು ಎಥನಾಲ್ ಇರುತ್ತದೆ. 30 ಮಿಲಿಲೀಟರಿನ ಒಂದು ಸಣ್ಣ ಪೆಗ್ಗಿನಲ್ಲಿ ಅದರ ತೂಕ ಸುಮಾರು 10 ಗ್ರಾಂ. 90 ಮಿಲಿಲೀಟರಿನ ಪೊಟ್ಟಣದಲ್ಲಿ ಅದು 30 ಗ್ರಾಮಾಗುತ್ತದೆ, 180 ಮಿಲಿಲೀಟರಿನ ಕ್ವಾರ್ಟರಿನಲ್ಲಿ 60 ಗ್ರಾಮಾಗುತ್ತದೆ. ಬಿಯರ್ ಹಗುರವೆಂದು ತಿಳಿಯುವವರು, ಸ್ಟ್ರಾಂಗ್ ಎಂದು ಮಾರುವ 650 ಮಿಲಿಲೀಟರಿನ ಒಂದು ಬಾಟಲಿಯಲ್ಲಿ ಶೇಕಡಾ 7ರಿಂದ 8ರಷ್ಟು ಎಥನಾಲ್ ಇರುವುದರಿಂದ ಅದು ನಾಲ್ಕು ಸಣ್ಣ ಪೆಗ್ಗುಗಳಿಗೆ ಸಮ ಎಂಬುದನ್ನು ಲೆಕ್ಕಕ್ಕೆ ತೆಗೆದುಕೊಂಡಿರುವುದಿಲ್ಲ. ಮನೆಯಲ್ಲಿ ಲೋಟಕ್ಕೆ ಸುರಿಯುವಾಗ ಅಳತೆಯ ಮುಚ್ಚಳವನ್ನು ಯಾರೂ ಹಿಡಿಯುವುದಿಲ್ಲ. ಸ್ವಲ್ಪ ಎಂಬುದು ಸುರಿಯುವ ಕೈಯ ಮೇಲೆ ನಿಂತಿರುತ್ತದೆ.

ಅತಿ ಕಡಿಮೆ ಪ್ರಮಾಣದ ಮದ್ಯದಿಂದ ಆಗುವ ಹಾನಿಯ ಬಗ್ಗೆ ನಡೆದ ಅಧ್ಯಯನಗಳು ಒಂದೇ ದಿಕ್ಕಿಗೆ ಬೆರಳು ತೋರುವುದಿಲ್ಲ ಎಂಬುದನ್ನು ಪ್ರಾಮಾಣಿಕವಾಗಿ ಒಪ್ಪಬೇಕು. ವಾರಕ್ಕೆ ಒಂದೆರಡು ಲೋಟ ಕುಡಿದವರ ಮಕ್ಕಳಲ್ಲಿ ಯಾವ ವ್ಯತ್ಯಾಸವನ್ನೂ ಕಾಣದ ಅಧ್ಯಯನಗಳಿವೆ, ಸಣ್ಣ ವ್ಯತ್ಯಾಸಗಳನ್ನು ಕಂಡ ಅಧ್ಯಯನಗಳೂ ಇವೆ. ಆದರೆ ಹಾನಿ ಸಾಬೀತಾಗಿಲ್ಲ ಎಂಬ ಮಾತನ್ನು ಹಾನಿಯಿಲ್ಲ ಎಂಬುದು ಸಾಬೀತಾಗಿದೆ ಎಂದು ಓದಿಕೊಳ್ಳುವುದು ತರ್ಕದ ದೋಷ. ಬಸುರಿಯರಿಗೆ ಬೇಕೆಂದೇ ಮದ್ಯ ಕೊಟ್ಟು ಪರೀಕ್ಷಿಸುವಂತಿಲ್ಲವಾದ್ದರಿಂದ ಅಂತಹ ಕೊನೆಯ ಸಾಬೀತು ಎಂದಿಗೂ ಸಿಗಲಾರದು. ಬ್ರಿಟನ್ ಒಂದು ಕಾಲಕ್ಕೆ ವಾರಕ್ಕೊಮ್ಮೆಯೋ ಎರಡು ಸಲವೋ ಸಣ್ಣ ಪ್ರಮಾಣದಲ್ಲಿ ಕುಡಿಯುವುದಕ್ಕೆ ಆಕ್ಷೇಪಣೆ ಎತ್ತದೆ ಇದ್ದದ್ದು ನಿಜ. 2016ರಲ್ಲಿ ಅಲ್ಲಿನ ಮುಖ್ಯ ವೈದ್ಯಾಧಿಕಾರಿಗಳು ಆ ನಿಲುವನ್ನು ಬಿಟ್ಟು, ಬಸುರಿಯಾದವರು ಮತ್ತು ಮಗುವಿಗಾಗಿ ಪ್ರಯತ್ನಿಸುತ್ತಿರುವವರು ಮದ್ಯವನ್ನು ಮುಟ್ಟದಿರುವುದೇ ಸುರಕ್ಷಿತವೆಂದು ಸಾರಿದರು. ಅಮೆರಿಕದ ಸರ್ಜನ್ ಜನರಲ್ ಅದನ್ನೇ 1981ರಲ್ಲಿ ಹೇಳಿಯಾಗಿತ್ತು. ಒಂದು ಕಡೆ ಒಂದು ಲೋಟದ ಸಂತೋಷ, ಇನ್ನೊಂದು ಕಡೆ ಜೀವಮಾನವಿಡೀ ಸರಿಹೋಗದ ಮೆದುಳಿನ ಹಾನಿಯ ಸಾಧ್ಯತೆ ಇರುವಾಗ, ಅನುಮಾನದ ಲಾಭ ಬಾಟಲಿಗೆ ಸಲ್ಲತಕ್ಕದ್ದಲ್ಲ.

ಅದಕ್ಕಿಂತ ಮುಖ್ಯವಾದ ಸಂಗತಿಯೆಂದರೆ, ಆ ಸಮಾಧಾನಕರ ಅಧ್ಯಯನಗಳಲ್ಲಿ ಹೆಚ್ಚಿನವು ನಡೆದದ್ದು ಯುರೋಪಿನಲ್ಲಿ, ಹೊಟ್ಟೆ ತುಂಬ ಉಂಡು ಬೆಳೆದ, ರಕ್ತಹೀನತೆ ಕಡಿಮೆಯಿರುವ ಹೆಂಗಸರ ನಡುವೆ. ಕರ್ನಾಟಕದ ಬಸುರಿಯರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿ ರಕ್ತಹೀನತೆಯಿಂದ ಬಳಲುತ್ತಾರೆಂದು ಮೇಲೆ ಹೇಳಿದ ರಾಷ್ಟ್ರೀಯ ಸಮೀಕ್ಷೆಯೇ ತೋರಿಸುತ್ತದೆ. ಮೈತೂಕ ಕಡಿಮೆಯಿರುವ ಹೆಂಗಸಿನಲ್ಲಿ ಅಷ್ಟೇ ಪೆಗ್ಗು ರಕ್ತದಲ್ಲಿ ಹೆಚ್ಚಿನ ಮಟ್ಟ ತಲುಪುತ್ತದೆ; ಕಬ್ಬಿಣದ ಕೊರತೆಯಿದ್ದಾಗ ಗರ್ಭದ ಮೇಲೆ ಮದ್ಯದ ಹಾನಿ ಇನ್ನಷ್ಟು ಹೆಚ್ಚುತ್ತದೆಂದು ಪ್ರಾಣಿಗಳ ಮೇಲಿನ ಪ್ರಯೋಗಗಳು ಕಂಡುಕೊಂಡಿವೆ. ದಕ್ಷಿಣ ಆಫ್ರಿಕದ ಪಶ್ಚಿಮ ಕೇಪ್ ಪ್ರಾಂತ್ಯದ ದ್ರಾಕ್ಷಿ ತೋಟಗಳಲ್ಲಿ ಕೂಲಿಯ ಒಂದು ಭಾಗವನ್ನು ವೈನಿನ ರೂಪದಲ್ಲಿ ಕೊಡುವ ‘ಡಾಪ್’ ಎಂಬ ಪದ್ಧತಿ ತಲೆಮಾರುಗಳ ಕಾಲ ನಡೆದು, ಕಾನೂನು ಅದನ್ನು ನಿಷೇಧಿಸಿದ ಮೇಲೂ ಕುಡಿತ ಉಳಿದು, ಲೋಕದಲ್ಲೇ ಅತಿ ಹೆಚ್ಚಿನ ಪ್ರಮಾಣದಲ್ಲಿ ಹಾನಿಗೊಳಗಾದ ಮಕ್ಕಳು ಅಲ್ಲಿ ಹುಟ್ಟಿದರು. ಅದೇ ಪ್ರದೇಶದಲ್ಲಿ ಮಾಡಿದ ಅಧ್ಯಯನಗಳು, ತಾಯಿ ಬಡಕಲಾಗಿದ್ದಷ್ಟೂ ಅವಳ ಆಹಾರ ಕಳಪೆಯಾಗಿದ್ದಷ್ಟೂ ಮಗುವಿಗೆ ಹಾನಿಯ ಸಂಭವ ಹೆಚ್ಚೆಂದು ತೋರಿಸಿದವು. ಹಾಸನ ಜಿಲ್ಲೆಯ ಕೂಲಿಕಾರ ಹೆಂಗಸಿನ ಮೈ ಹೋಲುವುದು ಕೇಪ್ ಪ್ರಾಂತ್ಯದ ತೋಟದವಳ ಮೈಯನ್ನೇ ಹೊರತು ಲಂಡನ್ನಿನ ಮಧ್ಯಮ ವರ್ಗದವಳ ಮೈಯನ್ನಲ್ಲ.

ಮೂರನೆಯ ವಾದ ಮದ್ಯವನ್ನು ಔಷಧವೆಂದು ಕರೆಯುತ್ತದೆ, ಮತ್ತು ಮೂರರಲ್ಲಿ ಇದೇ ಹೆಚ್ಚು ಬಲವಾಗಿ ಬೇರು ಬಿಟ್ಟಿದೆ. ಮಲೆನಾಡಿನಲ್ಲಿ ಮತ್ತು ಅದರ ಅಂಚಿನ ಊರುಗಳಲ್ಲಿ ಬಾಣಂತಿಗೆ ಶೀತವಾಗಬಾರದು, ಮೈ ಬೆಚ್ಚಗಿರಬೇಕು, ಗರ್ಭಕೋಶ ಬೇಗ ಮಾಮೂಲಿಗೆ ಬರಬೇಕು ಎಂದು ಒಂದೆರಡು ಚಮಚ ಬ್ರಾಂದಿ ಕುಡಿಸುವ ರೂಢಿ ಹಳೆಯದು. ಅದನ್ನು ಕೊಡುವವರು ಕುಡುಕರಲ್ಲ, ಮಗಳ ಮೇಲೆ ಪ್ರೀತಿಯುಳ್ಳ ತಾಯಂದಿರು ಮತ್ತು ಅಜ್ಜಿಯರು. ಬ್ರಾಂದಿ ಕುಡಿದಾಗ ಮೈ ಬಿಸಿಯಾದಂತೆ ಅನಿಸುವುದು ಚರ್ಮದ ರಕ್ತನಾಳಗಳು ಹಿಗ್ಗಿ ಒಳಗಿನ ಶಾಖ ಹೊರಕ್ಕೆ ಹರಿಯುವುದರಿಂದ; ಆ ಹೊತ್ತಿಗೆ ದೇಹ ತನ್ನ ಕಾವನ್ನು ಕಳೆದುಕೊಳ್ಳುತ್ತಿರುತ್ತದೆ. ತಾಯಿಯ ರಕ್ತದಲ್ಲಿರುವಷ್ಟೇ ಎಥನಾಲ್ ಅವಳ ಎದೆಹಾಲಿನಲ್ಲೂ ಇರುತ್ತದೆ, ಹಾಲು ಇಳಿಯಲು ಬೇಕಾದ ಆಕ್ಸಿಟೋಸಿನ್ ಎಂಬ ಹಾರ್ಮೋನನ್ನು ಅದು ತಗ್ಗಿಸುತ್ತದೆ. ಬಾಣಂತನದ ಈ ಪದ್ಧತಿಯನ್ನು ಬಸುರಿನ ವಿಷಯದಲ್ಲಿ ಎತ್ತಲು ಕಾರಣವಿದೆ: ಬಾಣಂತಿಗೆ ಬ್ರಾಂದಿ ಮದ್ದು ಎಂದು ನಂಬಿದ ಮನೆಗೆ ಬಸುರಿಯ ವಿಷಯದಲ್ಲಿ ಅದು ವಿಷ ಎಂದು ಅಂಜಲು ಯಾವ ಕಾರಣವೂ ಉಳಿಯುವುದಿಲ್ಲ. ನೆಗಡಿಗೆ, ಹೊಟ್ಟೆ ಉಬ್ಬರಕ್ಕೆ, ನಿದ್ದೆ ಬಾರದ್ದಕ್ಕೆ ಅದೇ ಬಾಟಲಿ ಹೊರಬರುತ್ತದೆ. ದ್ರಾಕ್ಷಿಯ ವೈನ್ ಕುಡಿದರೆ ರಕ್ತ ಊರುತ್ತದೆ ಎಂಬ ನಂಬಿಕೆ ರಕ್ತಹೀನತೆಯ ಬಸುರಿಗೆ ಕಬ್ಬಿಣದ ಮಾತ್ರೆಯ ಬದಲು ಅದೇ ವಿಷವನ್ನು ಕೊಡಿಸುತ್ತದೆ.

ಅರಿಷ್ಟಗಳ ಮಾತನ್ನೂ ಇಲ್ಲಿಯೇ ಹೇಳಬೇಕು. ಬೆಲ್ಲ ಮತ್ತು ಕಷಾಯವನ್ನು ಹುದುಗಲು ಬಿಟ್ಟು ತಯಾರಿಸುವ ಈ ಆಯುರ್ವೇದ ಔಷಧಗಳಲ್ಲಿ, ಬಾಣಂತಿಯರಿಗೆ ಹೆಸರಾದ ದಶಮೂಲಾರಿಷ್ಟವೂ ಸೇರಿದಂತೆ, ಹುದುಗಿನಿಂದ ತಾನಾಗಿಯೇ ಹುಟ್ಟಿದ ಎಥನಾಲ್ ಸಾಮಾನ್ಯವಾಗಿ ಶೇಕಡಾ 5ರಿಂದ 10ರಷ್ಟಿರುತ್ತದೆ. ಹೇಳಿದ ಅಳತೆಯಲ್ಲಿ ಕುಡಿದರೆ ಒಳಹೋಗುವ ಎಥನಾಲ್ ಪೆಗ್ಗಿಗೆ ಹೋಲಿಸಿದರೆ ಅಲ್ಪವೇ ಸರಿ, ಅದನ್ನು ಬ್ರಾಂದಿಯ ಸಾಲಿನಲ್ಲಿ ನಿಲ್ಲಿಸುವುದು ಅನ್ಯಾಯ. ಆದರೆ ಬಸುರಿಯಾದವಳು ವೈದ್ಯರನ್ನು ಕೇಳದೆ ಅಂಗಡಿಯಿಂದ ತಂದು ದಿನವೂ ಕುಡಿಯುವುದು ಸರಿಯಲ್ಲ, ಮತ್ತು ಅದರಲ್ಲಿ ಮದ್ಯಸಾರವಿದೆ ಎಂಬ ತಿಳಿವಳಿಕೆ ಅವಳಿಗೆ ಸಿಗಬೇಕು.

ಪಿಡುಗು ಕಣ್ಣಿಗೆ ಕಾಣುವುದಿಲ್ಲವಲ್ಲ, ಅಂಥ ಮಕ್ಕಳು ನಮ್ಮಲ್ಲಿ ಎಲ್ಲಿದ್ದಾರೆ ಎಂದು ಕೇಳುವವರಿಗೆ ಕೊಡುವ ಉತ್ತರ ಕಹಿಯಾದದ್ದು. ಅವರು ಇದ್ದರೂ ಬೇರೆ ಹೆಸರಿನಲ್ಲಿ ಇರುತ್ತಾರೆ. ಲೆಕ್ಕ ತಲೆಗೆ ಹತ್ತದ, ಹೇಳಿದ್ದು ಮರುದಿನಕ್ಕೆ ನೆನಪಿರದ, ಒಂದೆಡೆ ಕುಳಿತಿರಲಾರದ, ಮಾಡಿದ ತಪ್ಪಿನಿಂದ ಪಾಠ ಕಲಿಯಲಾರದ ಹುಡುಗನನ್ನು ಶಾಲೆ ದಡ್ಡನೆಂದೋ ಪುಂಡನೆಂದೋ ಕರೆಯುತ್ತದೆ, ಬೆತ್ತ ಬೀಳುತ್ತದೆ, ಎಂಟನೆಯ ತರಗತಿಗೆ ಮುಂಚೆಯೇ ಅವನು ಶಾಲೆ ಬಿಡುತ್ತಾನೆ. ಮುಖದ ಗುರುತುಗಳು ವಯಸ್ಸಾದಂತೆ ಮಾಸುತ್ತವೆ, ಎಷ್ಟೋ ಮಕ್ಕಳಲ್ಲಿ ಅವು ಮೊದಲಿನಿಂದಲೇ ಇರುವುದಿಲ್ಲ. ತಾಯಿಯ ಕುಡಿತದ ಇತಿಹಾಸ ಗೊತ್ತಿಲ್ಲದೆ ವೈದ್ಯರು ಆ ಹುಡುಗನ ತೊಂದರೆಯ ಮೂಲವನ್ನು ಹೇಳಲಾರರು. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡಗಳು ಅಂಗನವಾಡಿ ಮತ್ತು ಶಾಲೆಗಳಿಗೆ ಹೋಗಿ ಮಕ್ಕಳನ್ನು ತಪಾಸಣೆ ಮಾಡುತ್ತವೆ. ಅವರ ಪಟ್ಟಿಯಲ್ಲಿ ಸೀಳುತುಟಿ, ಡೌನ್ ಸಿಂಡ್ರೋಮ್, ಹುಟ್ಟು ಕಿವುಡು, ಹೃದಯದ ದೋಷ, ಕಲಿಕೆಯ ತೊಂದರೆ, ಗಮನದ ಕೊರತೆ ಎಲ್ಲವೂ ಇವೆ, ಗರ್ಭದಲ್ಲಿ ಮದ್ಯದಿಂದಾದ ಹಾನಿ ಎಂಬ ಪ್ರತ್ಯೇಕ ಹೆಸರು ಮಾತ್ರ ಇಲ್ಲ. ಬಸುರಿಯನ್ನು ಕೇಳದೆ ಇದ್ದುದರಿಂದ ಕಾರಣ ದಾಖಲಾಗುವುದಿಲ್ಲ, ಕಾರಣ ದಾಖಲಾಗದ್ದರಿಂದ ಇಂತಹ ಮಕ್ಕಳು ಲೆಕ್ಕಕ್ಕೆ ಸಿಗುವುದಿಲ್ಲ, ಲೆಕ್ಕದಲ್ಲಿ ಇಲ್ಲದ್ದರಿಂದ ಇಲ್ಲಿ ಈ ಸಮಸ್ಯೆಯೇ ಇಲ್ಲವೆಂದು ಮತ್ತೆ ಬಸುರಿಯನ್ನು ಕೇಳದೆ ಬಿಡಲಾಗುತ್ತದೆ.

ಕೇಳುವುದೇ ಅವಮಾನ ಎಂಬ ಆಕ್ಷೇಪವನ್ನು ತಳ್ಳಿಹಾಕದೆ ಎದುರಿಸಬೇಕು, ಏಕೆಂದರೆ ಕೇಳುವ ಬಗೆಯಲ್ಲಿ ಅವಮಾನ ಸಾಧ್ಯವಿದೆ. ಜಾತಿ ನೋಡಿ, ಬಟ್ಟೆ ನೋಡಿ, ತೋಟದ ಕೂಲಿಯವಳನ್ನು ಮಾತ್ರ ಕೇಳಿ, ಮೇಷ್ಟರ ಹೆಂಡತಿಯನ್ನು ಬಿಟ್ಟರೆ ಅದು ಅವಮಾನವೇ. ಗಂಡ ಮತ್ತು ಅತ್ತೆಯ ಎದುರು ಕೇಳಿದರೆ ಅದು ಅಪಾಯವೂ ಹೌದು. ಎಲ್ಲರನ್ನೂ, ಒಬ್ಬೊಬ್ಬರನ್ನೇ, ಉಪ್ಪು ಕಡಿಮೆ ತಿನ್ನುತ್ತೀಯಾ, ಮಾತ್ರೆ ತೆಗೆದುಕೊಳ್ಳುತ್ತೀಯಾ ಎಂದು ಕೇಳುವ ಅದೇ ದನಿಯಲ್ಲಿ, ಬಸುರಿಯೆಂದು ತಿಳಿಯುವ ಮೊದಲು ಅಥವಾ ಆಮೇಲೆ ಬ್ರಾಂದಿ, ಬಿಯರು, ವೈನು, ಅರಿಷ್ಟ ಏನಾದರೂ ಕುಡಿದದ್ದುಂಟೇನಮ್ಮ ಎಂದು ಕೇಳಿದರೆ ಅವಮಾನಕ್ಕೆ ಜಾಗವಿರುವುದಿಲ್ಲ. ಹೂಂ ಎಂದವಳನ್ನು ಬೈದರೆ ಅವಳು ಮುಂದಿನ ತಪಾಸಣೆಗೆ ಬರುವುದೇ ಇಲ್ಲ. ತಿಳಿಯದೆ ಕುಡಿದವಳಿಗೆ ಹೇಳಬೇಕಾದ ಮಾತು, ಎಲ್ಲವೂ ಕೆಟ್ಟುಹೋಯಿತು ಎಂಬುದಲ್ಲ. ಮೆದುಳು ಕೊನೆಯ ದಿನದವರೆಗೂ ಬೆಳೆಯುವುದರಿಂದ ಯಾವ ತಿಂಗಳಲ್ಲಿ ನಿಲ್ಲಿಸಿದರೂ ಮಗುವಿಗೆ ಲಾಭವಿದೆ ಎಂಬುದು. ದಿನವೂ ಹೆಚ್ಚು ಕುಡಿದು ಮೈಗೆ ರೂಢಿಯಾದವಳಿಗೆ ನಾಳೆಯಿಂದಲೇ ಬಿಡು ಎಂದು ಹೇಳಿ ಕಳಿಸುವುದೂ ತಪ್ಪು, ಏಕೆಂದರೆ ಒಮ್ಮೆಲೇ ನಿಲ್ಲಿಸಿದಾಗ ನಡುಕ, ಫಿಟ್ಸ್ ಬರಬಹುದು; ಅವಳನ್ನು ಹಾಸನ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯಂತಹ ಕಡೆ ಪ್ರಸೂತಿ ವೈದ್ಯರೂ ಮನೋವೈದ್ಯರೂ ಸೇರಿ ನೋಡಿಕೊಳ್ಳಬೇಕು. ತಪ್ಪನ್ನೆಲ್ಲ ಹೆಂಗಸಿನ ತಲೆಗೆ ಕಟ್ಟುವವರು ಇನ್ನೊಂದನ್ನು ಮರೆಯುತ್ತಾರೆ: ಅನೇಕ ಮನೆಗಳಲ್ಲಿ ಬಾಟಲಿಯನ್ನು ತರುವವನು ಗಂಡ, ಲೋಟಕ್ಕೆ ಸುರಿದು ಜೊತೆಗೆ ಕುಡಿ ಎನ್ನುವವನೂ ಅವನೇ, ಬೇಡವೆಂದರೆ ಹೊಡೆಯುವವನೂ ಅವನೇ. ಬಸುರಿಯ ಮನೆಯಲ್ಲಿ ಗಂಡಸು ಕುಡಿಯುವುದನ್ನು ಬಿಡದೆ ಹೆಂಡತಿಗೆ ಮಾಡುವ ಉಪದೇಶ ವ್ಯರ್ಥ.

ಸರ್ಕಾರದ ಪಾಲು ಇದರಲ್ಲಿ ಸಣ್ಣದಲ್ಲ. 2007ರ ಜುಲೈ 1ರಿಂದ ಕರ್ನಾಟಕದಲ್ಲಿ ಸಾರಾಯಿ ನಿಷೇಧವಾದಾಗ ಮುಖ್ಯಮಂತ್ರಿಯಾಗಿದ್ದವರು ಹೊಳೆನರಸೀಪುರ ತಾಲ್ಲೂಕಿನ ಹರದನಹಳ್ಳಿಯಲ್ಲಿ ಹುಟ್ಟಿದ ಎಚ್. ಡಿ. ಕುಮಾರಸ್ವಾಮಿ. ಕೂಲಿಯವರ ಸಂಸಾರಗಳನ್ನು ಸುಡುತ್ತಿದ್ದ ಪ್ಯಾಕೆಟ್ ಸಾರಾಯಿ ಹೋದದ್ದು ಒಳ್ಳೆಯದೇ ಆಯಿತು, ಆದರೆ ಆ ಜಾಗಕ್ಕೆ ಅಗ್ಗದ ಬ್ರಾಂದಿ, ವಿಸ್ಕಿಯ ಸಣ್ಣ ಪೊಟ್ಟಣಗಳು ಬಂದು ಕುಳಿತವು, ಹಳ್ಳಿಯ ಗೂಡಂಗಡಿಗಳವರೆಗೂ ಕದ್ದುಮುಚ್ಚಿ ತಲುಪಿದವು. ರಾಜ್ಯದಲ್ಲಿ ಮದ್ಯದ ಸಗಟು ವ್ಯಾಪಾರವನ್ನು 2003ರಿಂದ ಸರ್ಕಾರದ ಪಾನೀಯ ನಿಗಮವೇ ನಡೆಸುತ್ತದೆ, ಎಂಎಸ್‌ಐಎಲ್ ಹೆಸರಿನ ಸರ್ಕಾರಿ ಮಳಿಗೆಗಳು ಚಿಲ್ಲರೆಯಾಗಿಯೂ ಮಾರುತ್ತವೆ, 2025–26ರ ಆಯವ್ಯಯ ಅಬಕಾರಿಯಿಂದ 40,000 ಕೋಟಿ ರೂಪಾಯಿಗಳ ವರಮಾನವನ್ನು ನಿರೀಕ್ಷಿಸಿತು. ತಾಯಿ ಕಾರ್ಡನ್ನು ಕೊಡುವುದೂ, 2017ರಿಂದ ಅಂಗನವಾಡಿಯಲ್ಲಿ ಮಾತೃಪೂರ್ಣ ಯೋಜನೆಯಡಿ ಬಸುರಿಗೆ ಬಿಸಿಯೂಟ ಬಡಿಸುವುದೂ, ಆ ಬಾಟಲಿಯನ್ನು ಮಾರುವುದೂ ಒಂದೇ ಸರ್ಕಾರವಾದ್ದರಿಂದ, ಬಾಟಲಿಯ ಮೇಲೆ ಬಸುರಿಗೆ ಎಚ್ಚರಿಕೆ ಹೇಳುವ ಹೊಣೆಯಿಂದ ಅದು ನುಣುಚಿಕೊಳ್ಳುವಂತಿಲ್ಲ.

ಆ ಎಚ್ಚರಿಕೆ ಈಗ ಇಲ್ಲ. ಭಾರತದ ಆಹಾರ ಸುರಕ್ಷತಾ ಪ್ರಾಧಿಕಾರ 2018ರಲ್ಲಿ ರೂಪಿಸಿ 2019ರ ಏಪ್ರಿಲ್ 1ರಿಂದ ಜಾರಿಗೆ ತಂದ ನಿಯಮದ ಪ್ರಕಾರ ಮದ್ಯದ ಬಾಟಲಿಯ ಮೇಲೆ, ಮದ್ಯಪಾನ ಆರೋಗ್ಯಕ್ಕೆ ಹಾನಿಕರ ಮತ್ತು ಕುಡಿದು ವಾಹನ ಓಡಿಸಬಾರದು ಎಂಬರ್ಥದ ಮಾತು ಇರಬೇಕು. ರಸ್ತೆಯಲ್ಲಿ ಹೋಗುವವನ ಜೀವ ಆ ಮಾತಿನಲ್ಲಿದೆ, ಗರ್ಭದಲ್ಲಿರುವ ಮಗುವಿನ ಜೀವ ಇಲ್ಲ. ಅರಕಲಗೂಡು ತಾಲ್ಲೂಕಿನಲ್ಲಿ ಬೆಳೆದು ರಾಮನಾಥಪುರದ ಹರಾಜು ಮಾರುಕಟ್ಟೆಯಲ್ಲಿ ಮಾರಾಟವಾಗುವ ಹೊಗೆಸೊಪ್ಪು ಸಿಗರೇಟಾಗಿ ಮರಳಿ ಬರುವಾಗ, 2016ರಿಂದ ಅದರ ಪೊಟ್ಟಣದ ಶೇಕಡಾ 85 ಭಾಗವನ್ನು ಚಿತ್ರಸಹಿತ ಎಚ್ಚರಿಕೆ ತುಂಬಿರುತ್ತದೆ. ಅದೇ ಪೇಟೆಯ ಬಾರಿನ ಬಾಟಲಿಯ ಮೇಲೆ ಬಸುರಿಯ ಒಂದು ಚಿತ್ರವೂ ಇಲ್ಲ. ಅಮೆರಿಕದ ಬಾಟಲಿಗಳ ಮೇಲೆ 1989ರಿಂದ ಆ ಎಚ್ಚರಿಕೆ ಇದೆ, ಫ್ರಾನ್ಸಿನಲ್ಲಿ 2007ರಿಂದ ಬಸುರಿಯ ಚಿತ್ರಕ್ಕೆ ಅಡ್ಡಗೆರೆ ಎಳೆದ ಗುರುತು ಇಲ್ಲವೇ ಬರಹದ ಎಚ್ಚರಿಕೆ ಕಡ್ಡಾಯವಾಗಿದೆ, ಆಸ್ಟ್ರೇಲಿಯಾ ಮತ್ತು ನ್ಯೂಜಿಲೆಂಡ್ 2023ರ ಹೊತ್ತಿಗೆ ಅದನ್ನು ಪೂರ್ಣವಾಗಿ ಜಾರಿಗೆ ತಂದವು. ಓದಲು ಬಾರದವಳಿಗೂ ಅರ್ಥವಾಗುವುದು ಆ ಚಿತ್ರವೇ. ಎಚ್ಚರಿಕೆಯನ್ನು ರಾಜ್ಯದ ಭಾಷೆಯಲ್ಲಿಯೂ ಮುದ್ರಿಸಲು ಭಾರತದ ನಿಯಮ ಅವಕಾಶ ಕೊಡುತ್ತದೆ, ಸಗಟು ವ್ಯಾಪಾರ ಸರ್ಕಾರದ ಕೈಯಲ್ಲಿಯೇ ಇದೆ. ಕನ್ನಡದ ಒಂದು ಸಾಲು ಮತ್ತು ಒಂದು ಚಿತ್ರವನ್ನು ಬಾಟಲಿಯ ಮೇಲೆ ತರಿಸಲು, ಮದ್ಯದಂಗಡಿಯ ಗೋಡೆಗೆ ಅದನ್ನು ಅಂಟಿಸಲು ರಾಜ್ಯಕ್ಕೆ ಅಡ್ಡಿಯಾಗಿರುವುದು ಇಚ್ಛೆಯ ಕೊರತೆ.

ಪ್ರತಿ ತಿಂಗಳ 9ರಂದು ಪ್ರಧಾನಮಂತ್ರಿ ಸುರಕ್ಷಿತ ಮಾತೃತ್ವ ಅಭಿಯಾನದ ಅಂಗವಾಗಿ ಸರ್ಕಾರಿ ಆಸ್ಪತ್ರೆಗಳಲ್ಲಿ ಬಸುರಿಯರ ತಪಾಸಣೆ ನಡೆಯುತ್ತದೆ. ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣದ ತಾಲ್ಲೂಕು ಆಸ್ಪತ್ರೆಗಳಲ್ಲಿ, ಹಾಸನದ ಜಿಲ್ಲಾ ಆಸ್ಪತ್ರೆಯಲ್ಲಿ ಆ ದಿನ ಸಾಲಿನಲ್ಲಿ ಕುಳಿತ ಪ್ರತಿಯೊಬ್ಬಳನ್ನೂ ಪರದೆಯ ಹಿಂದೆ ಕರೆದು ಒಂದು ನಿಮಿಷದಲ್ಲಿ ಕೇಳಿ ಮುಗಿಸಬಹುದಾದ ಪ್ರಶ್ನೆಗೆ ಹೊಸ ಯಂತ್ರ ಬೇಡ, ಹೊಸ ಔಷಧ ಬೇಡ, ಹೊಸ ಅನುದಾನವೂ ಬೇಡ. ಆ ಉತ್ತರವನ್ನು ತಾಯಿ ಕಾರ್ಡಿನಲ್ಲಿ ಬರೆದಿಡುವ, ಮಗು ಹುಟ್ಟಿದ ಮೇಲೆ ಬಾಲ ಸ್ವಾಸ್ಥ್ಯದ ತಂಡದ ಕೈಗೆ ಅದನ್ನು ತಲುಪಿಸುವ, ಅಷ್ಟೇ ಎಚ್ಚರದಿಂದ ಬೇರೆಯವರ ಕಿವಿಗೆ ಬೀಳದಂತೆ ಕಾಯುವ ಆದೇಶವನ್ನು ಜಿಲ್ಲಾ ಆರೋಗ್ಯ ಇಲಾಖೆ ಹೊರಡಿಸಬೇಕು, ಮತ್ತು ಅದರ ಮೊದಲ ಸಾಲಿನಲ್ಲೇ ಎಲ್ಲ ಬಸುರಿಯರನ್ನೂ ಕೇಳತಕ್ಕದ್ದು, ಯಾರನ್ನೂ ಬಿಡತಕ್ಕದ್ದಲ್ಲ ಎಂದಿರಬೇಕು.